ವೆಲ್ಸ್ ಬಂದರಿನೊಳಗೆ ದೋಣಿ ತರುವ ಹೊತ್ತು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ನಾರ್ಫೋಕ್ ಕರಾವಳಿಯಲ್ಲಿ ವೆಲ್ಸ್-ನೆಕ್ಸ್ಟ್-ದ-ಸೀ ಅಂತ ಒಂದು ಸಣ್ಣ ಊರಿದೆ. ಹೆಸರು ನೋಡಿದರೆ ಸಮುದ್ರದ ಪಕ್ಕದಲ್ಲೇ ಇರಬೇಕು. ಆದರೆ ದಕ್ಕೆಯ ಮೇಲೆ ನಿಂತರೆ ಸಮುದ್ರ ಕಾಣುವುದಿಲ್ಲ, ಅದು ಒಂದು ಮೈಲಿಗೂ ಆಚೆ. ನಡುವೆ ಇರುವುದು ಮರಳು, ಕೆಸರು, ಉಪ್ಪುನೀರಿನ ಜೌಗು, ಅದರೊಳಗೆ ತಿರುಗಿ ತಿರುಗಿ ಹೋಗುವ ಒಂದು ಚಾನೆಲ್. ಆ ಚಾನೆಲ್ ದಿನಕ್ಕೆ ಎರಡು ಸಲ ತುಂಬುತ್ತದೆ, ಎರಡು ಸಲ ಬತ್ತುತ್ತದೆ. ಬತ್ತಿದಾಗ ಮಕ್ಕಳು ಅದರಲ್ಲಿ ಕಾಲು ನೆನೆಸಿಕೊಂಡು ದಾಟುತ್ತಾರೆ.

ಗೆಳೆಯರ ಜೊತೆ ಪಾಲಿನಲ್ಲಿ ತೆಗೆದುಕೊಂಡ ಹಳೇ ಹಾಯಿದೋಣಿಯಲ್ಲಿ ನಾನು ಅಲ್ಲಿಗೆ ಹೋಗಿ ಬರುತ್ತಿರುತ್ತೇನೆ. ಜೊತೆಗೆ ಬರುವ ಕನ್ನಡದ ಗೆಳೆಯರು, ಈಗಷ್ಟೇ ಹಾಯಿ ಕಲಿಯುತ್ತಿರುವವರು, ಪ್ರತಿ ಸಲ ಇವೇ ಪ್ರಶ್ನೆ ಕೇಳುತ್ತಾರೆ. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಉಬ್ಬರ ಯಾವಾಗ ಅಂತ ನೋಡಿಕೊಂಡು ಆ ಹೊತ್ತಿಗೆ ಹೋದರೆ ಆಯ್ತು ಅಲ್ವಾ? ಅಷ್ಟಕ್ಕೆ ಇಷ್ಟೊಂದು ಲೆಕ್ಕ ಯಾಕೆ?

ಇಲ್ಲ, ಆಗಲಿಲ್ಲ. ಇವತ್ತಿನ ಪೂರ್ತಿ ಉಬ್ಬರ ಮತ್ತು ಮುಂದಿನ ವಾರದ ಪೂರ್ತಿ ಉಬ್ಬರ ಒಂದೇ ಎತ್ತರಕ್ಕೆ ಬರುವುದಿಲ್ಲ. ಈ ಕರಾವಳಿಯಲ್ಲಿ ಎರಡರ ನಡುವೆ ಒಂದು ಮೀಟರಿಗೂ ಜಾಸ್ತಿ ವ್ಯತ್ಯಾಸ ಇರಬಹುದು. ನಿಮ್ಮ ದೋಣಿಗೆ ಬೇಕಾಗಿರುವುದು ಇಷ್ಟು ಮೀಟರ್ ನೀರು. ಅದು ಎಷ್ಟು ಗಂಟೆಗೆ ಬರುತ್ತದೆ ಅನ್ನುವುದು ಆಮೇಲಿನ ಮಾತು. ಮೊದಲು ಎತ್ತರ ಹುಡುಕಿ, ಆ ಎತ್ತರ ಯಾವ ಹೊತ್ತಿಗೆ ಸಿಗುತ್ತದೆ ಅಂತ ಆಮೇಲೆ ನೋಡಿ. ಹೊಸಬರು ಉಲ್ಟಾ ಮಾಡುತ್ತಾರೆ. ‘ಉಬ್ಬರಕ್ಕೆ ಎರಡು ಗಂಟೆ ಮುಂಚೆ ಹೋಗಬಹುದಂತೆ’ ಅಂತ ಯಾರೋ ಹೇಳಿದ್ದನ್ನು ಹಿಡಿದುಕೊಂಡು, ಎಲ್ಲಾ ದಿನಕ್ಕೂ ಅದನ್ನೇ ಅನ್ವಯಿಸಿ, ಕೊನೆಗೆ ಮರಳಿನ ಮೇಲೆ ಕೂರುತ್ತಾರೆ.

ಚಾರ್ಟಿನಲ್ಲಿ, ಅಂದರೆ ಸಮುದ್ರದ ನಕ್ಷೆಯಲ್ಲಿ, ಕೆಲವು ಅಂಕಿಗಳ ಕೆಳಗೆ ಗೆರೆ ಇದೆ. ಏನದು?

ಇಡೀ ಲೆಕ್ಕ ನಿಂತಿರುವುದು ಅದರ ಮೇಲೆಯೇ. ಚಾರ್ಟಿನ ಆಳವನ್ನೆಲ್ಲ ಒಂದು ಸೊನ್ನೆ ಮಟ್ಟದಿಂದ ಅಳೆದಿರುತ್ತಾರೆ. ಅದಕ್ಕೆ ಚಾರ್ಟ್ ಡೇಟಮ್ ಅಂತ ಹೆಸರು. ಬ್ರಿಟನ್ನಿನಲ್ಲಿ ಅದು ಹೆಚ್ಚು ಕಡಿಮೆ, ಸೂರ್ಯ ಚಂದ್ರರ ಲೆಕ್ಕದ ಪ್ರಕಾರ ನೀರು ಇಳಿಯಬಹುದಾದ ಅತಿ ಕೆಳಗಿನ ಮಟ್ಟ. ಗೆರೆ ಇಲ್ಲದ ಅಂಕಿ ಅಂದರೆ ಆ ಮಟ್ಟಕ್ಕಿಂತ ಕೆಳಗೆ ಅಷ್ಟು ಆಳ ಇದೆ ಅಂತ. ಕೆಳಗೆ ಗೆರೆ ಎಳೆದ ಅಂಕಿ ಅಂದರೆ ನೆಲ ಆ ಮಟ್ಟಕ್ಕಿಂತ ಅಷ್ಟು ಮೇಲಿದೆ ಅಂತ, ಅಂದರೆ ಇಳಿತದಲ್ಲಿ ಒಣ ನೆಲ. ಬ್ರಿಟಿಷ್ ಅಡ್ಮಿರಾಲ್ಟಿ ಚಾರ್ಟುಗಳಲ್ಲಿ ಇಂಥ ಜಾಗಕ್ಕೆ ಹಸಿರು ಬಣ್ಣ. ನಾನಿದನ್ನು ‘ಬತ್ತುವ ಎತ್ತರ’ ಅಂತ ಕರೆಯುತ್ತೇನೆ.

ಗೆರೆಯ ಮೇಲೆ 2 ಅಂತಿದ್ದು, ಉಬ್ಬರದ ಎತ್ತರ (ಅದನ್ನೂ ಅದೇ ಸೊನ್ನೆ ಮಟ್ಟದಿಂದಲೇ ಅಳೆಯುವುದು) ಈಗ 3.5 ಮೀಟರ್ ಇದ್ದರೆ, ಅಲ್ಲಿ ನೀರು ಒಂದೂವರೆ ಮೀಟರ್. ಅಷ್ಟೇ ಲೆಕ್ಕ, ಒಂದು ಕಳೆಯುವ ಲೆಕ್ಕ.

ಹಾಗಾದರೆ ನನಗೆ ಎಷ್ಟು ಎತ್ತರ ಬೇಕು?

ಮೂರು ಅಂಕಿ ಕೂಡಿಸಿ. ದೋಣಿಯ ಡ್ರಾಫ್ಟ್, ಅಂದರೆ ನೀರಿನೊಳಗೆ ಅದು ಎಷ್ಟು ಆಳಕ್ಕೆ ಇಳಿದಿರುತ್ತದೆ ಅನ್ನುವುದು. ದಾರಿಯಲ್ಲಿ ಇರುವ ಅತಿ ಎತ್ತರದ ದಿಬ್ಬದ ಬತ್ತುವ ಎತ್ತರ. ಕೀಲ್, ಅಂದರೆ ದೋಣಿಯ ತಳದಿಂದ ಕೆಳಕ್ಕೆ ಚಾಚಿರುವ ಭಾಗ, ಅದರ ಕೆಳಗೆ ಉಳಿಯಬೇಕಾದ ನೀರು.

ನಮ್ಮ ದೋಣಿಯ ಡ್ರಾಫ್ಟ್ 1.5 ಮೀಟರ್. ದಿಬ್ಬ 2 ಮೀಟರ್ ಅಂತ ಇಟ್ಟುಕೊಳ್ಳೋಣ (ಇದು ಉದಾಹರಣೆಗೆ ಹಾಕಿಕೊಂಡ ಅಂಕಿ, ವೆಲ್ಸ್‌ನ ಚಾರ್ಟಿನದಲ್ಲ, ದಯವಿಟ್ಟು ಇದನ್ನು ಹಿಡಿದುಕೊಂಡು ಹೊರಡಬೇಡಿ). ಕೀಲ್ ಕೆಳಗೆ ಅರ್ಧ ಮೀಟರ್. ಒಟ್ಟು 4 ಮೀಟರ್. ಉಬ್ಬರ 4 ಮೀಟರ್ ಮುಟ್ಟುವ ತನಕ ನಾನು ಹೊರಗೇ ಇರಬೇಕು.

ಆ ಅರ್ಧ ಮೀಟರ್ ನೀರು ನಿಂತಿರುವಾಗಿನ ಮಾತು. ಅಲೆ ಇದ್ದರೆ ದೋಣಿ ಅಲೆಯ ಹೊಂಡಕ್ಕೆ ಇಳಿದಾಗ ಅಷ್ಟೇ ಕೆಳಗೆ ಹೋಗುತ್ತದೆ. ಅಲೆಯ ಎತ್ತರದ ಅರ್ಧದಷ್ಟನ್ನಾದರೂ ಸೇರಿಸಿಕೊಳ್ಳಿ. ಒಂದು ಮೀಟರ್ ಅಲೆ ಇದ್ದರೆ ಇನ್ನೂ ಅರ್ಧ ಮೀಟರ್ ಬೇಕು. ಹಾಗಂತ ಎಷ್ಟೇ ಅಲೆಗೂ ಇದೇ ಲೆಕ್ಕ ಹಾಕಿಕೊಂಡು ನುಗ್ಗಬಹುದು ಅಂತಲ್ಲ, ಅದರ ಬಗ್ಗೆ ಕೆಳಗೆ ಬರೆದಿದ್ದೇನೆ.

ಆ 4 ಮೀಟರ್ ಎಷ್ಟು ಗಂಟೆಗೆ ಬರುತ್ತದೆ ಅಂತ ಹೇಗೆ ಗೊತ್ತಾಗುತ್ತದೆ?

ಸರಿಯಾದ ದಾರಿ ಅಂದರೆ ಉಬ್ಬರ ಪಟ್ಟಿ ಮತ್ತು ಅದರ ಜೊತೆಗಿರುವ ವಕ್ರರೇಖೆ. ಪಟ್ಟಿಯಲ್ಲಿ ವೆಲ್ಸ್‌ನ ಲೆಕ್ಕಕ್ಕೆ ಆಧಾರವಾಗಿರುವ ಮುಖ್ಯ ಬಂದರು ಹಂಬರ್ ನದಿಯ ಇಮ್ಮಿಂಗ್‌ಹ್ಯಾಮ್. ಅಲ್ಲಿನ ವೇಳೆ, ಎತ್ತರ ತೆಗೆದುಕೊಂಡು ವೆಲ್ಸ್‌ಗೆ ಕೊಟ್ಟಿರುವ ವ್ಯತ್ಯಾಸ ಕೂಡಿಸಿ ಕಳೆದರೆ ಇವತ್ತಿನ ಅಂಕಿ ಸಿಗುತ್ತದೆ.

ದೋಣಿಯಲ್ಲಿ ಕೂತು ತಲೆಯಲ್ಲೇ ಹಾಕುವ ಲೆಕ್ಕ ಹನ್ನೆರಡರ ಪಾಲು. ನೀರು ಏರುವ ಆರು ಗಂಟೆಯಲ್ಲಿ, ಮೊದಲ ಗಂಟೆ ಒಟ್ಟು ಏರಿಕೆಯ ಹನ್ನೆರಡರಲ್ಲಿ ಒಂದು ಪಾಲು ಏರುತ್ತದೆ. ಎರಡನೇ ಗಂಟೆ ಎರಡು ಪಾಲು. ಆಮೇಲೆ ಮೂರು, ಮೂರು, ಎರಡು, ಒಂದು.

ಹುಣ್ಣಿಮೆಯ ಮರುದಿನ ಅಂದುಕೊಳ್ಳಿ. ಇಳಿತ 12:30ಕ್ಕೆ 0.8 ಮೀಟರ್, ಉಬ್ಬರ 18:30ಕ್ಕೆ 5.6 ಮೀಟರ್. ಏರಿಕೆ 4.8, ಒಂದು ಪಾಲು 0.4. 13:30ಕ್ಕೆ 1.2, 14:30ಕ್ಕೆ 2.0, 15:30ಕ್ಕೆ 3.2, 16:30ಕ್ಕೆ 4.4. ನಮಗೆ ಬೇಕಾದ 4 ಮೀಟರ್ ಸುಮಾರು 16:10ಕ್ಕೆ ಬರುತ್ತದೆ. ಬಾಗಿಲು ತೆರೆಯುವುದು ಉಬ್ಬರಕ್ಕೆ ಎರಡು ಗಂಟೆ ಇಪ್ಪತ್ತು ನಿಮಿಷ ಮುಂಚೆ.

ಈಗ ಅಷ್ಟಮಿ ಕಳೆದ ಮೇಲಿನ ಒಂದು ದಿನ. ಇಳಿತ 07:00ಕ್ಕೆ 2.0, ಉಬ್ಬರ 13:00ಕ್ಕೆ 4.4. ಪಾಲು 0.2. ಅದೇ 4 ಮೀಟರ್ ಸಿಗುವುದು 11:30ಕ್ಕೆ, ಉಬ್ಬರಕ್ಕೆ ಬರೀ ಒಂದೂವರೆ ಗಂಟೆ ಮುಂಚೆ. ಪೂರ್ತಿ ಉಬ್ಬರದಲ್ಲೂ ನಮ್ಮ 4 ಮೀಟರ್ ಮೇಲೆ ಉಳಿಯುವುದು 40 ಸೆಂಟಿಮೀಟರ್ ಮಾತ್ರ. ಅದೇ ದೋಣಿ, ಅದೇ ದಿಬ್ಬ, ಒಂದೇ ವಾರದ ಅಂತರ.

ಒಂದು ಎಚ್ಚರಿಕೆ. ಈ ಹನ್ನೆರಡರ ಪಾಲು ತೆರೆದ ಸಮುದ್ರದ ಕಡೆಯ ದಿಬ್ಬಕ್ಕೆ ಅಂದಾಜಾಗಿ ನಡೆಯುತ್ತದೆ. ಒಳಗೆ ದಕ್ಕೆಯ ಹತ್ತಿರ ನಡೆಯುವುದಿಲ್ಲ. ಅಲ್ಲಿ ನೀರು ಗಂಟೆಗಟ್ಟಲೆ ಇರುವುದೇ ಇಲ್ಲ, ಬಂದರೆ ದಡಬಡನೆ ಬರುತ್ತದೆ, ಹೋಗುವಾಗ ನಿಧಾನಕ್ಕೆ ಹೋಗುತ್ತದೆ. ಹಾಗೇ ದಕ್ಷಿಣದ ಸೌತಾಂಪ್ಟನ್ ಕಡೆ ಹೋದರೆ ಈ ಲೆಕ್ಕ ಮರೆತುಬಿಡಿ. ಅಲ್ಲಿ ಉಬ್ಬರ ಎರಡೆರಡು ಸಲ ತುದಿ ಮುಟ್ಟುತ್ತದೆ.

ಪಂಚಾಂಗ ನೋಡಿ ಹೇಳಬಹುದಾ?

ನಗಬೇಡಿ, ನಾನು ನೋಡುತ್ತೇನೆ! ನಮ್ಮ ತಿಥಿ ಅಂದರೆ ಸೂರ್ಯ ಚಂದ್ರರ ನಡುವಿನ ಕೋನ. ಉಬ್ಬರವನ್ನು ನಡೆಸುವುದೂ ಅದೇ. ದೊಡ್ಡ ಉಬ್ಬರ, ಇಲ್ಲಿನವರು ಸ್ಪ್ರಿಂಗ್ ಅನ್ನುವುದು, ಅಮಾವಾಸ್ಯೆ ಹುಣ್ಣಿಮೆಯ ದಿನವೇ ಬರುವುದಿಲ್ಲ. ಒಂದೂವರೆ ಎರಡು ದಿನ ತಡವಾಗಿ, ಬಿದಿಗೆ ತದಿಗೆಯ ಹೊತ್ತಿಗೆ ಬರುತ್ತದೆ. ಸಣ್ಣ ಉಬ್ಬರ, ನೀಪ್, ಅಷ್ಟಮಿ ಕಳೆದು ದಶಮಿಯ ಆಸುಪಾಸು.

ಇನ್ನೂ ಒಂದು ಸ್ವಾರಸ್ಯ ಇದೆ. ಒಂದು ಊರಿನಲ್ಲಿ ದೊಡ್ಡ ಉಬ್ಬರ ಯಾವಾಗಲೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಬರುತ್ತದೆ. ವೆಲ್ಸ್‌ನಲ್ಲಿ ಅದು ಬೆಳಗ್ಗೆ ಏಳರ ಆಸುಪಾಸು, ಮತ್ತೆ ಸಂಜೆ ಏಳರ ಆಸುಪಾಸು. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತಾ ದಶಮಿಯ ಹೊತ್ತಿಗೆ ಮಧ್ಯಾಹ್ನ ಒಂದು ಗಂಟೆಗೆ ಬಂದಿರುತ್ತದೆ, ಆದರೆ ಆಗ ನೀರೇ ಕಡಿಮೆ. ಅಂದರೆ ಇಲ್ಲಿ ಜಾಸ್ತಿ ನೀರು ಬೇಕು ಅನ್ನುವವರು ಬೆಳಗಿನ ಕಾಫಿಗೋ ರಾತ್ರಿಯ ಊಟಕ್ಕೋ ಬರಬೇಕು. ದೊಡ್ಡ ಉಬ್ಬರದ ದಿನ ಮಧ್ಯಾಹ್ನ ಕಾರಿನಲ್ಲಿ ಬಂದು ‘ಬಂದರು ಎಲ್ಲಿ?’ ಅಂತ ಕೆಸರು ನೋಡಿಕೊಂಡು ಹೋಗುವ ಪ್ರವಾಸಿಗಳನ್ನು ಬೇಕಾದಷ್ಟು ನೋಡಿದ್ದೇನೆ.

ಪಂಚಾಂಗ ಅಂದಾಜಿಗೆ. ಒಳಗೆ ಹೋಗುವ ನಿರ್ಧಾರ ಪಟ್ಟಿ ನೋಡಿಯೇ.

ಪಟ್ಟಿಯ ವೇಳೆಗೆ ಒಂದು ಗಂಟೆ ಸೇರಿಸಬೇಕಾ, ಬೇಡವಾ?

ಬ್ರಿಟನ್ನಿನ ಮುದ್ರಿತ ಪಟ್ಟಿಗಳು ಸಾಮಾನ್ಯವಾಗಿ ಗ್ರೀನಿಚ್ ವೇಳೆಯಲ್ಲಿರುತ್ತವೆ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇರುವುದರಿಂದ ಸೇರಿಸಬೇಕು. ಮೇಲಿನ ಉದಾಹರಣೆಯ 16:10 ನಿಮ್ಮ ಕೈಗಡಿಯಾರದಲ್ಲಿ 17:10. ಆದರೆ ಫೋನಿನ ಆ್ಯಪ್‌ಗಳಲ್ಲಿ ಹಲವು ತಾವೇ ಸೇರಿಸಿ ತೋರಿಸುತ್ತವೆ.

ಸೇರಿಸುವುದು ಮರೆತರೆ ಒಂದು ಗಂಟೆ ಮುಂಚೆ ಬರುತ್ತೀರಿ. ಮರಳು ತಾಗಿದರೂ ನೀರು ಏರುತ್ತಾ ಇರುತ್ತದೆ, ಬಿಡಿಸಿಕೊಳ್ಳುತ್ತೀರಿ. ಎರಡು ಸಲ ಸೇರಿಸಿದರೆ ಒಂದು ಗಂಟೆ ತಡ. ನಾನು ಮಾಡಿದ್ದು ಎರಡನೆಯದು. ಆ್ಯಪ್ ಸೇರಿಸಿ ಆಗಿತ್ತು, ನಾನೂ ಸೇರಿಸಿದೆ. ನಿಜವಾದ ಉಬ್ಬರ ಮಧ್ಯಾಹ್ನ ಒಂದಕ್ಕೆ, ನನ್ನ ಚೀಟಿಯಲ್ಲಿ ಎರಡಕ್ಕೆ. ಸಾಲದ್ದಕ್ಕೆ ಗಾಳಿ ಬಿದ್ದು ಇನ್ನೂ ತಡವಾಯಿತು, ಸಣ್ಣ ಉಬ್ಬರದ ದಿನ ಬೇರೆ. ಎರಡು ಗಂಟೆಗೆ ‘ಆಹಾ, ಸರಿಯಾಗಿ ತುದಿಗೆ ಬಂದೆವು’ ಅಂತ ಖುಷಿಯಲ್ಲಿ ಒಳಗೆ ಹೊರಟು ಎರಡು ಇಪ್ಪತ್ತೈದಕ್ಕೆ ನಿಂತೆವು. ಮತ್ತೆ ತೇಲಿದ್ದು ಮಧ್ಯರಾತ್ರಿ. ನಡುವೆ ದೋಣಿ ಮಗ್ಗುಲಾಗಿ ಮಲಗಿತ್ತು. ಒಲೆ ಹಚ್ಚುವ ಹಾಗಿಲ್ಲ, ಚಹಾ ಇಲ್ಲ. ನಾಯಿ ಅಡ್ಡಾಡಿಸಲು ಬಂದವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ‘ಎಲ್ಲಾ ಸರಿ ಇದೆಯಾ?’ ಅಂತ ವಿಚಾರಿಸಿಕೊಂಡು ಹೋದರು.

ಅವತ್ತಿನಿಂದ ಚೀಟಿಯ ತಲೆಯಲ್ಲಿ ‘ಕೈಗಡಿಯಾರದ ವೇಳೆ’ ಅಂತ ಬರೆದೇ ಉಳಿದದ್ದು ಬರೆಯುವುದು.

ಪೂರ್ತಿ ಉಬ್ಬರದಲ್ಲೇ ಹೋದರೆ ಅತಿ ಜಾಸ್ತಿ ನೀರು ಸಿಗುತ್ತದಲ್ಲ?

ಸಿಗುತ್ತದೆ, ಆದರೆ ಅಲ್ಲಿಂದ ಮುಂದೆ ಇಳಿಯುವುದೊಂದೇ. ತಾಗಿದರೆ ಎತ್ತಲು ಬರುವ ನೀರಿಲ್ಲ. ಅದರಲ್ಲೂ ದೊಡ್ಡ ಉಬ್ಬರದ ಕೊನೆಯ ದಿನ ತುದಿಯಲ್ಲಿ ಹತ್ತಿ ಕೂತರೆ, ಮುಂದಿನ ಉಬ್ಬರ ಅದಕ್ಕಿಂತ ಕಡಿಮೆ, ಅದರ ಮುಂದಿನದು ಇನ್ನೂ ಕಡಿಮೆ. ದೋಣಿ ಎರಡು ವಾರ ಅಲ್ಲೇ ಇರಬಹುದು. ಗುಜರಾತಿನ ಅಲಂಗ್‌ನಲ್ಲಿ ಹಳೇ ಹಡಗುಗಳನ್ನು ಒಡೆಯಲು ದಡಕ್ಕೆ ಹತ್ತಿಸುವುದು ಇದೇ ಉಪಾಯದಿಂದ. ದೊಡ್ಡ ಉಬ್ಬರದ ತುದಿಯಲ್ಲಿ ಓಡಿಸಿ ಬಿಟ್ಟರೆ ಹಡಗು ಮತ್ತೆ ತೇಲುವುದಿಲ್ಲ. ಅವರಿಗೆ ಅದು ಬೇಕು. ನಮಗೆ ಬೇಡ.

ನಾನು ಇಟ್ಟುಕೊಳ್ಳುವ ಗುರಿ, ಉಬ್ಬರಕ್ಕೆ ಒಂದೂವರೆ ಗಂಟೆಯಿಂದ ಒಂದು ಗಂಟೆ ಮುಂಚೆ ಹೊರಗಿನ ದಿಬ್ಬ ದಾಟುವುದು. ನೀರು ಸಾಕಷ್ಟು ಬಂದಿರುತ್ತದೆ, ಇನ್ನೂ ಏರುತ್ತಿರುತ್ತದೆ, ಒಳಕ್ಕೆ ಹರಿಯುವ ಸೆಳೆತದ ರಭಸವೂ ಇಳಿಯುತ್ತಿರುತ್ತದೆ. ತುಂಬಾ ಮುಂಚೆ ಹೋದರೆ ಆ ಸೆಳೆತವೇ ತೊಂದರೆ. ಹಿಂದಿನಿಂದ ತಳ್ಳುವ ನೀರಿನಲ್ಲಿ ದೋಣಿ ನಿಲ್ಲಿಸಲು ಬರುವುದಿಲ್ಲ, ತಾಗಿದರೆ ದಿಬ್ಬದ ಮೇಲಕ್ಕೇ ಹತ್ತಿಸುತ್ತದೆ. ಸಣ್ಣ ಉಬ್ಬರದ ದಿನ ಒಂದೂವರೆ ಗಂಟೆಗೆ ನೀರೇ ಬಂದಿರದಿದ್ದರೆ ಒಂದು ಗಂಟೆ, ಮುಕ್ಕಾಲು ಗಂಟೆ. ಅದಕ್ಕಿಂತ ಕಿರಿದಾದರೆ ನಾನು ಹೋಗುವುದಿಲ್ಲ.

ಇನ್ನೊಂದು ವಿಷಯ. ಹೊರಗಿನ ದಿಬ್ಬ ದಾಟಿದ ಕೂಡಲೇ ಕೆಲಸ ಮುಗಿಯಲಿಲ್ಲ. ಲೈಫ್‌ಬೋಟ್, ಅಂದರೆ ರಕ್ಷಣಾ ದೋಣಿ, ಇಡುವ ಮನೆಯಿಂದ ದಕ್ಕೆಗೇ ಒಂದು ಮೈಲಿ. ಒಳಗಿನ ನೆಲ ಹೊರಗಿಗಿಂತ ಎತ್ತರ ಇರಬಹುದು. ಲೆಕ್ಕ ಹಾಕಬೇಕಾದ್ದು ಇಡೀ ದಾರಿಯ ಅತಿ ಎತ್ತರದ ಜಾಗಕ್ಕೆ, ನೀವು ಅಲ್ಲಿಗೆ ಮುಟ್ಟುವ ಹೊತ್ತಿಗೆ.

ನೀರು ಸಾಕಷ್ಟಿದೆ, ಆದರೆ ಉತ್ತರದಿಂದ ಗಾಳಿ ಬೀಸುತ್ತಿದೆ. ಹೋಗಬಹುದಾ?

ಬೇಡ. ವೆಲ್ಸ್‌ನ ಬಾಯಿ ಉತ್ತರಕ್ಕೆ ತೆರೆದಿದೆ. ಆ ಕಡೆ ತಡೆಯುವ ನೆಲವೇ ಇಲ್ಲ, ಬರೀ ಸಮುದ್ರ. ಉತ್ತರದ ಅಲೆ ಅಷ್ಟು ದೂರದಿಂದ ಉರುಳಿಕೊಂಡು ಬಂದು ಆಳವಿಲ್ಲದ ದಿಬ್ಬದ ಮೇಲೆ ಎದ್ದು ಒಡೆಯುತ್ತದೆ. ಇಳಿತ ಶುರುವಾಗಿ ಹೊರಕ್ಕೆ ಹರಿಯುವ ನೀರು ಅದಕ್ಕೆ ಎದುರಾದರೆ ಇನ್ನೂ ಕೆಟ್ಟದ್ದು, ಅಲೆಗಳು ಗೋಡೆಯ ಹಾಗೆ ಕಡಿದಾಗುತ್ತವೆ. ಅಂಥ ಕಡೆ ಆಳ ಎಷ್ಟಿದೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ದೋಣಿ ಅಡ್ಡ ತಿರುಗಿದರೆ ಮಗುಚುತ್ತದೆ.

ಹೊರಗಿನಿಂದ ನೋಡಿದರೆ ಅಲೆಯ ಬೆನ್ನು ಮಾತ್ರ ಕಾಣುತ್ತದೆ. ಬೆನ್ನು ನುಣ್ಣಗೆ, ಪಾಪದ್ದರ ಹಾಗೆ ಇರುತ್ತದೆ. ಒಡೆಯುವ ಮುಖ ದಡದ ಕಡೆಗೆ. ಬೈನಾಕ್ಯುಲರ್ ಹಿಡಿದು ಹತ್ತು ನಿಮಿಷ ನೋಡಿ, ಬಿಳಿ ನೊರೆ ಅಡ್ಡಕ್ಕೆ ಹಾರುವುದು ಒಂದೇ ಒಂದು ಸಲ ಕಂಡರೂ ಸಾಕು, ತಿರುಗಿಸಿ.

ಇದನ್ನು ಬರೀ ಹೆದರಿಸಲು ಹೇಳುತ್ತಿಲ್ಲ. 1880ರ ಅಕ್ಟೋಬರ್ 29ರಂದು ವೆಲ್ಸ್‌ನ ಲೈಫ್‌ಬೋಟ್ ‘ಎಲೈಜಾ ಆಡಮ್ಸ್’ ಬಿರುಗಾಳಿಯಲ್ಲಿ ಮಗುಚಿತು. ಅದರಲ್ಲಿದ್ದ 13 ಮಂದಿಯಲ್ಲಿ 11 ಮಂದಿ ಸತ್ತರು. ಅವರು ಆ ನೀರನ್ನು ಹುಟ್ಟಿದಾಗಿನಿಂದ ಬಲ್ಲವರು. ಅವರ ಸ್ಮಾರಕ ಅಲ್ಲೇ ಬಂದರಿನ ಹತ್ತಿರ ಇದೆ.

ದಕ್ಷಿಣದ ಗಾಳಿ ಒಳ್ಳೆಯದು, ನೆಲದಿಂದ ಬರುವುದರಿಂದ ದಿಬ್ಬದ ಮೇಲೆ ನೀರು ಸಪಾಟಾಗಿರುತ್ತದೆ. ಆದರೆ ಅದಕ್ಕೂ ಒಂದು ಕೊಕ್ಕೆ ಇದೆ, ಮುಂದೆ ಓದಿ.

ಪಟ್ಟಿಯಲ್ಲಿ ಹೇಳಿದಷ್ಟೇ ನೀರು ಬರುತ್ತದಾ?

ಬರಲೇಬೇಕು ಅಂತಿಲ್ಲ. ಪಟ್ಟಿಗೆ ಗೊತ್ತಿರುವುದು ಸೂರ್ಯ, ಚಂದ್ರ ಮಾತ್ರ. ಇವತ್ತಿನ ಹವೆ ಗೊತ್ತಿಲ್ಲ. ಗಾಳಿಯ ಒತ್ತಡ ಒಂದು ಹೆಕ್ಟೊಪ್ಯಾಸ್ಕಲ್ ಏರಿದರೆ ನೀರು ಸುಮಾರು ಒಂದು ಸೆಂಟಿಮೀಟರ್ ತಗ್ಗುತ್ತದೆ. ಸಾಮಾನ್ಯ ಒತ್ತಡ 1013. ಬಿಸಿಲು ಕಾಯುವ ಒಳ್ಳೇ ದಿನ 1033 ಇದ್ದರೆ 20 ಸೆಂಟಿಮೀಟರ್ ನೀರು ಇಲ್ಲವಾಯಿತು. ಮೇಲಿನ ಸಣ್ಣ ಉಬ್ಬರದ ಉದಾಹರಣೆಯಲ್ಲಿ ನಮಗಿದ್ದದ್ದೇ 40. ಅದರಲ್ಲಿ ಅರ್ಧ ಹೋಯಿತು, ಬಾಗಿಲು ತೆರೆಯುವುದು 11:30ರಿಂದ 12:00ಕ್ಕೆ ಸರಿಯಿತು. ರಜೆಯ ದಿನ, ಆಕಾಶ ತಿಳಿಯಾಗಿರುವಾಗ, ನೀರು ಮಾತ್ರ ಕಡಿಮೆ. ಇದು ಹೊಸಬರ ತಲೆಗೇ ಬರುವುದಿಲ್ಲ.

ಗಾಳಿಯೂ ಹಾಗೇ. ಉತ್ತರದ ಬಿರುಗಾಳಿ ಉತ್ತರ ಸಮುದ್ರದ ನೀರನ್ನು ದಕ್ಷಿಣದ ಇಕ್ಕಟ್ಟಿಗೆ ತಳ್ಳಿ ಏರಿಸುತ್ತದೆ. 1953ರ ಜನವರಿ 31ರ ರಾತ್ರಿ ಈ ಕರಾವಳಿಯನ್ನೆಲ್ಲ ಮುಳುಗಿಸಿದ್ದು ಅದೇ, 2013ರ ಡಿಸೆಂಬರ್ 5ರಂದು ಮತ್ತೆ ಬಂದದ್ದೂ ಅದೇ. ದಕ್ಷಿಣದಿಂದ ಜೋರಾಗಿ ಬೀಸಿದರೆ ಉಲ್ಟಾ, ನೀರನ್ನು ಆಚೆ ಎಳೆದುಕೊಂಡು ಹೋಗುತ್ತದೆ. ದಿಬ್ಬ ಸಪಾಟಾಗಿದೆ ಅಂತ ಖುಷಿಪಟ್ಟ ದಿನವೇ ನೀರು ಪಟ್ಟಿಗಿಂತ ಕಡಿಮೆ ಇರಬಹುದು.

ನನ್ನ ಪ್ಲಾಟರಿನಲ್ಲಿ (ದೋಣಿ ಎಲ್ಲಿದೆ ಅಂತ ಚಾರ್ಟಿನ ಮೇಲೆ ತೋರಿಸುವ ಪರದೆಯಲ್ಲಿ) ಚಾನೆಲ್ ಚೆನ್ನಾಗಿ ಕಾಣುತ್ತದೆ. ಅದನ್ನೇ ಹಿಡಿದು ಹೋಗಲಾ?

ಖಂಡಿತ ಬೇಡ. ಮರಳು ಜಾಗ ಬದಲಿಸುತ್ತದೆ. ಒಂದು ಚಳಿಗಾಲದ ಬಿರುಗಾಳಿ ಸಾಕು, ಚಾನೆಲ್ ಬೇರೆ ಕಡೆ ತಿರುಗಿರುತ್ತದೆ. ಬಂದರಿನವರು ಬೋಯಾಗಳನ್ನು, ಅಂದರೆ ಆ ತೇಲುವ ಕೆಂಪು ಹಸಿರು ಗುರುತುಗಳನ್ನು, ಎತ್ತಿ ಹೊಸ ಜಾಗಕ್ಕೆ ಹಾಕುತ್ತಾರೆ. ಪ್ಲಾಟರಿಗೆ ಅದು ತಿಳಿಯುವುದು ಯಾವಾಗಲೋ. ಸರಿಯಾಗಿ ಬೋಯಾಗಳ ನಡುವೆ ಹೋಗುತ್ತಿರುವಾಗ ಪರದೆಯ ಮೇಲೆ ನಮ್ಮ ದೋಣಿ ಹಸಿರು ಮರಳಿನ ಮೇಲೆ ಓಡುತ್ತಿರುವುದನ್ನು ನಾನೇ ನೋಡಿದ್ದೇನೆ. ಕಣ್ಣಿಗೆ ಕಾಣುವ ಬೋಯಾ ನಂಬಿ. ಒಳಗೆ ಬರುವಾಗ ಕೆಂಪು ಎಡಕ್ಕೆ, ಹಸಿರು ಬಲಕ್ಕೆ. ಭಾರತದಲ್ಲೂ ಇದೇ ಕ್ರಮ.

ಹೊರಡುವ ಮೊದಲು ಬಂದರಿನ ಆಫೀಸಿಗೆ ಫೋನ್ ಮಾಡಿ. ಡ್ರಾಫ್ಟ್ ಎಷ್ಟು, ಒಂದು ಕೀಲಾ ಎರಡು ಕೀಲಾ, ಎಷ್ಟು ಗಂಟೆಗೆ ಬರುತ್ತೀರಿ ಅಂತ ಹೇಳಿ. ‘ಇವತ್ತು ಬೇಡ’ ಅಂದರೆ ವಾದ ಮಾಡಬೇಡಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಸುಮ್ನೆ ಗೊತ್ತಿರುವವನ ಹಾಗೆ ಬಂದವರನ್ನೇ ಅವರು ಎಳೆದು ತರಬೇಕಾಗುವುದು.

ಆಳ ತೋರಿಸುವ ಮೀಟರ್ ಏನು ತೋರಿಸುತ್ತಿದೆ ಅಂತಲೂ ತಿಳಿದಿರಲಿ. ಕೆಲವು ದೋಣಿಗಳಲ್ಲಿ ಅದು ನೀರಿನ ಮೇಲ್ಮೈಯಿಂದ, ಕೆಲವದರಲ್ಲಿ ಕೀಲ್ ಕೆಳಗಿನಿಂದ. ಬಾಡಿಗೆ ದೋಣಿಯಾದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ತಡವಾಗುತ್ತಿದೆ. ಎಂಜಿನ್ ಹಾಕಿ ಓಡಿಸಿದರೆ ಸರಿಯಾಗಿ ಮುಟ್ಟಬಹುದು ಅನ್ನಿಸುತ್ತಿದೆ. ಏನು ಮಾಡಲಿ?

ಈ ಪ್ರಶ್ನೆಯನ್ನು ದಿಬ್ಬದ ಮುಂದೆ ನಿಂತು ಕೇಳಿಕೊಳ್ಳಬಾರದು. ಹಿಂದಿನ ಸಂಜೆ, ಹೊಟ್ಟೆ ತುಂಬಿ ತಲೆ ತಣ್ಣಗಿರುವಾಗ, ‘ಇಷ್ಟು ಗಂಟೆಗೆ ಮೊದಲ ಬೋಯಾ ಮುಟ್ಟದಿದ್ದರೆ ಒಳಗೆ ಹೋಗುವುದಿಲ್ಲ’ ಅಂತ ಬರೆದುಕೊಂಡಿರಬೇಕು. ಹತ್ತು ಗಂಟೆ ಅಲೆಯಲ್ಲಿ ಅಲ್ಲಾಡಿ, ಒಬ್ಬರು ವಾಂತಿ ಮಾಡಿಕೊಂಡು, ಇನ್ನೊಬ್ಬರು ‘ಅಲ್ಲೇ ಕಾಣ್ತಾ ಇದೆಯಲ್ಲ’ ಅನ್ನುತ್ತಿರುವಾಗ ಯಾರ ತಲೆಯೂ ನೆಟ್ಟಗೆ ಓಡುವುದಿಲ್ಲ. ಆಗ ಚೀಟಿ ಹೇಳಿದಂತೆ ಕೇಳಬೇಕು.

ಬೇರೆ ದಾರಿ ಏನು ಅನ್ನುವುದೂ ಮೊದಲೇ ಗೊತ್ತಿರಬೇಕು. ಈ ಕರಾವಳಿಯ ಕಷ್ಟ ಅದೇ. ಪಕ್ಕದ ಬ್ಲೇಕ್ನಿ, ಬ್ರ್ಯಾಂಕಾಸ್ಟರ್ ಎರಡೂ ಬತ್ತುವಂಥವೇ. ಎಲ್ಲಾ ಹೊತ್ತಿನಲ್ಲೂ ಒಳಗೆ ಬಿಡುವ ಲೋಸ್ಟಾಫ್ಟ್ ಐವತ್ತು ಮೈಲಿಗಿಂತ ದೂರ. ಗಾಳಿ ದಕ್ಷಿಣದಿಂದ ಮೆಲ್ಲಗಿದ್ದರೆ ಹೊರಗೆ ಲಂಗರು ಹಾಕಿ ಮುಂದಿನ ಉಬ್ಬರ ಕಾಯಬಹುದು. ಇಲ್ಲದಿದ್ದರೆ ಸಮುದ್ರದ ಕಡೆ ತಿರುಗಿಸಿ, ಅನ್ನ ಸಾರು ಬಿಸಿ ಮಾಡಿ, ರಾತ್ರಿಯ ಪಾಳಿ ಹಂಚಿಕೊಳ್ಳಿ. ಆಳವಾದ ನೀರಿನಲ್ಲಿ ದೋಣಿಗೆ ಏನೂ ಆಗುವುದಿಲ್ಲ. ಮುಂಚೆ ಬಂದು ಹೊರಗೆ ಕಾಯುವುದು ತಡವಾಗಿ ಬಂದು ನುಗ್ಗುವುದಕ್ಕಿಂತ ಎಷ್ಟೋ ವಾಸಿ.

ಮೊದಲ ಸಲ ರಾತ್ರಿ ಹೋಗಬಹುದಾ?

ಬೇಡ.

ತಾಗಿಬಿಟ್ಟರೆ?

ನೀರು ಏರುತ್ತಿದ್ದರೆ ಗಾಬರಿ ಬೇಡ. ಸೆಳೆತ ಇನ್ನೂ ಮೇಲಕ್ಕೆ ಹತ್ತಿಸದ ಹಾಗೆ ಲಂಗರು ಬಿಡಿ, ಕಾಯಿರಿ.

ಇಳಿಯುತ್ತಿದ್ದರೆ ನಿಮ್ಮ ಕೈಯಲ್ಲಿ ಕೆಲವೇ ನಿಮಿಷ. ತಕ್ಷಣ ರಿವರ್ಸ್, ಬಂದ ದಾರಿಯಲ್ಲೇ ಹಿಂದಕ್ಕೆ, ಯಾಕೆಂದರೆ ಅಲ್ಲಿ ನೀರಿದೆ ಅಂತ ಗೊತ್ತಿರುವುದು ಅದೊಂದೇ ಕಡೆ. ಒಂದೇ ಕೀಲಿನ ದೋಣಿಯಾದರೆ ಎಲ್ಲರೂ ಒಂದು ಬದಿಗೆ ಹೋಗಿ ವಾಲಿಸಿದರೆ ಕೀಲ್ ಸ್ವಲ್ಪ ಮೇಲೆ ಬರುತ್ತದೆ. ಆಗಲಿಲ್ಲ ಅಂದರೆ ಎಂಜಿನ್ ಕಿರುಚಾಡಿಸಬೇಡಿ, ಮರಳು ಕುಡಿದು ಅದೂ ಹಾಳಾಗುತ್ತದೆ. ದೋಣಿ ದಿಬ್ಬದ ಎತ್ತರದ ಕಡೆಗೆ ಒರಗುವ ಹಾಗೆ ಭಾರ ಸರಿಸಿ. ತಗ್ಗಿನ ಕಡೆಗೆ ಒರಗಿದರೆ ಮತ್ತೆ ನೀರು ಬಂದಾಗ ತೇಲುವ ಮೊದಲೇ ಒಳಗೆ ನುಗ್ಗಬಹುದು. ಕಿಟಕಿ, ಬಾಗಿಲು ಮುಚ್ಚಿ. ಆಳದ ಕಡೆಗೆ ಲಂಗರು ಒಯ್ದು ಹಾಕಿ. ಅಲೆ ಏಳುವ ಹಾಗಿದ್ದರೆ, ಯಾರಿಗಾದರೂ ಪೆಟ್ಟಾಗಿದ್ದರೆ, ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್‌ನಲ್ಲಿ ಕೋಸ್ಟ್‌ಗಾರ್ಡ್‌ಗೆ ಹೇಳಿ. ಏನೂ ಅಪಾಯ ಇಲ್ಲದಿದ್ದರೂ ತಿಳಿಸಿಡುವುದು ಒಳ್ಳೆಯದು, ಇಲ್ಲದಿದ್ದರೆ ದಡದಿಂದ ನೋಡಿದವರು ತುರ್ತು ಕರೆ ಮಾಡುತ್ತಾರೆ.

ನಮ್ಮ ಗಂಗೊಳ್ಳಿಯ ಅಳಿವೆಯೂ ಹೀಗೇ ಅಲ್ವಾ?

ಅರ್ಧ ಹೌದು. ಕುಂದಾಪುರದ ಕಡೆಯವರು ನನ್ನನ್ನು ಇದು ಕೇಳದೆ ಬಿಟ್ಟದ್ದೇ ಇಲ್ಲ. ಪಂಚಗಂಗಾವಳಿ ಸಮುದ್ರ ಸೇರುವ ಅಳಿವೆ ಬಾಗಿಲಿನಲ್ಲೂ ಹೂಳು, ಮರಳ ದಿಬ್ಬ, ಒಡೆಯುವ ಅಲೆ ಎಲ್ಲಾ ಇವೆ. ಅಲೆ ಎಣಿಸಿ, ಬಿಡುವು ನೋಡಿ ದೋಣಿ ನುಗ್ಗಿಸುವ ಮೀನುಗಾರರಿಗೆ ಅಲೆಯ ಬೆನ್ನು, ಮುಖದ ಪಾಠ ನಾನು ಹೇಳಬೇಕಾಗಿಲ್ಲ. ಆದರೆ ನಮ್ಮ ಕರಾವಳಿಯಲ್ಲಿ ಭರತ, ಇಳಿತದ ವ್ಯತ್ಯಾಸ ಸುಮಾರು ಒಂದೂವರೆ ಮೀಟರಿನೊಳಗೆ. ಅಲ್ಲಿ ಬಾಗಿಲು ಮುಚ್ಚುವುದು ಮುಖ್ಯವಾಗಿ ಅಲೆ ಮತ್ತು ಹೂಳಿನಿಂದ. ಇಲ್ಲಿ ದಿನಕ್ಕೆರಡು ಸಲ ನೀರೇ ಎದ್ದು ಹೋಗುತ್ತದೆ.

ಒಳಗೆ ಬಂದ ಮೇಲೆ ದೋಣಿ ಎಲ್ಲಿ ನಿಲ್ಲುತ್ತದೆ? ಹೊರಗೆ ಹೋಗುವುದು ಯಾವಾಗ?

ಇಳಿತದಲ್ಲಿ ದಕ್ಕೆಯ ಹತ್ತಿರವೂ ದೋಣಿಗಳು ನೆಲಕ್ಕೆ ಕೂರುತ್ತವೆ. ಎರಡು ಕೀಲಿನ ದೋಣಿಗೆ ಚಿಂತೆಯಿಲ್ಲ, ಎಮ್ಮೆಯ ಹಾಗೆ ಆರಾಮಾಗಿ ಕೂತುಬಿಡುತ್ತದೆ. ಒಂದೇ ಕೀಲಿನದಕ್ಕೆ ಕೀಲ್ ಹೂತುಕೊಳ್ಳುವಷ್ಟು ಮೆತ್ತನೆಯ ಕೆಸರು ಬೇಕು. ಯಾವ ಜಾಗ ಅಂತ ಮೊದಲ ಫೋನಿನಲ್ಲೇ ಕೇಳಿ. ಹಗ್ಗ ಕಟ್ಟುವಾಗ ನೀರಿನ ಏರಿಳಿತಕ್ಕೆ ಸಡಿಲ ಬಿಡಿ.

ಹೊರಗೆ ಹೋಗುವ ಲೆಕ್ಕವನ್ನು ಒಳಗೆ ಬರುವ ಮೊದಲೇ ಹಾಕಿರಬೇಕು, ಇದನ್ನು ಎಲ್ಲರೂ ಮರೆಯುತ್ತಾರೆ. ಬಿದಿಗೆಯ ದಿನ 5.6 ಮೀಟರ್ ನೀರಿನಲ್ಲಿ ಸಲೀಸಾಗಿ ಬಂದಿರಿ ಅನ್ನಿ. ಏಡಿ ಹಿಡಿಯುವ ಮಕ್ಕಳನ್ನು ನೋಡುತ್ತಾ, ಮೀನು ಚಿಪ್ಸ್ ತಿನ್ನುತ್ತಾ ಒಂದು ವಾರ ಕಳೆದರೆ, ದಶಮಿಯ ಹೊತ್ತಿಗೆ ತುದಿಯಲ್ಲೇ 4.4. ಒತ್ತಡ ಜಾಸ್ತಿ ಇದ್ದರೆ 4.2. ದೊಡ್ಡ ಡ್ರಾಫ್ಟಿನ ದೋಣಿಯಾದರೆ ಮುಂದಿನ ಅಮಾವಾಸ್ಯೆಯ ತನಕ ಬಾಡಿಗೆ ಕಟ್ಟುತ್ತಾ ಕೂರಬೇಕು. ಹೊರಡುವಾಗಲೂ ನೀರು ಏರುತ್ತಿರುವಾಗಲೇ, ಉಬ್ಬರಕ್ಕೆ ಮುಕ್ಕಾಲು ಗಂಟೆ ಮೊದಲು ದಕ್ಕೆ ಬಿಡುತ್ತೇನೆ. ಸೆಳೆತ ಎದುರಿಗಿರುವುದರಿಂದ ನಿಧಾನ ಆಗುತ್ತದೆ ನಿಜ. ಆದರೆ ನೀರು ತಿರುಗುವ ಹೊತ್ತಿಗೆ ಹೊರಗಿನ ಬೋಯಾ ದಾಟಿರುತ್ತೇನೆ, ಹೊರಹರಿವು ಅಲೆಗೆ ಎದುರಾಗಿ ದಿಬ್ಬದ ಮೇಲೆ ಕುದಿಯಲು ಶುರುವಾಗುವ ಮೊದಲೇ.